ವರದಿ ಮತ್ತೆ ಕಾಗದದಲ್ಲೂ ಸಿಗುತ್ತದೆ

ನಮ್ಮ ರಕ್ತ ಪರೀಕ್ಷಾ ಕೇಂದ್ರದ ಎಲ್ಲ ಗ್ರಾಹಕರಿಗೆ ಚಿತ್ರದುರ್ಗದಿಂದ ನಮಸ್ಕಾರಗಳು.

ಬರುವ ತಿಂಗಳ ಒಂದನೇ ತಾರೀಖಿನಿಂದ ಪ್ರತಿ ವರದಿಯನ್ನೂ ಮೊದಲಿನಂತೆ ಮುದ್ರಿಸಿ ಕೊಡುತ್ತೇವೆ. ಅದಕ್ಕೆ ಬೇರೆ ಶುಲ್ಕವಿಲ್ಲ. ಮೊಬೈಲಿಗೆ ವರದಿಯ ಕೊಂಡಿ (ಲಿಂಕ್) ಕಳುಹಿಸುವುದೂ ಮುಂದುವರಿಯುತ್ತದೆ.

ಮುದ್ರಣ ನಿಲ್ಲಿಸಿದ್ದು ನಮ್ಮ ತಪ್ಪು. ಚೀಟಿಯಲ್ಲಿ ಮೊಬೈಲ್ ನಂಬರ್ ಇದ್ದರೆ ವರದಿ ರೋಗಿಯ ಕೈ ಸೇರಿತು ಎಂದೇ ತಿಳಿದಿದ್ದೆವು. ಮೊಳಕಾಲ್ಮುರು ಕಡೆಯ ತಾಯಿಯೊಬ್ಬರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಮಧ್ಯಾಹ್ನ ಮೂರರವರೆಗೆ ನಮ್ಮ ಬೆಂಚಿನ ಮೇಲೆಯೇ ಕುಳಿತಿದ್ದರು. ಅವರ ಕೈಯಲ್ಲಿದ್ದುದು ಗುಂಡಿ ಒತ್ತುವ ಫೋನು. ಅವರು ಬರೆಸಿದ್ದ ನಂಬರು ಬೆಂಗಳೂರಿನಲ್ಲಿ ದುಡಿಯುವ ಮಗನದು. ವರದಿ ತೆರೆಯಲು ಬೇಕಾದ ಒಟಿಪಿ ಅವನಿಗೆ ಹೋಗಿತ್ತು, ಅವನು ಕೆಲಸದಲ್ಲಿದ್ದ. ಅಷ್ಟರಲ್ಲಿ ವೈದ್ಯರು ಎದ್ದು ಹೋಗಿದ್ದರು. ಮಾರನೆಯ ದಿನ ಮತ್ತೆ ಬಸ್ಸು, ಮತ್ತೆ ಕೂಲಿ ನಷ್ಟ. ಆಮೇಲೆ ಕೇಳುತ್ತಾ ಹೋದರೆ ಇಂಥವರು ಹಲವರು: ರೀಚಾರ್ಜ್ ಮುಗಿದವರು, ಸಿಗ್ನಲ್‌ಗಾಗಿ ಮಾಳಿಗೆ ಹತ್ತುವವರು, ಮನೆಗೆಲ್ಲ ಒಂದೇ ಫೋನ್ ಇರುವವರು. ಮನೆಯವರ ಫೋನಿಗೆ ತಮ್ಮ ವರದಿ ಹೋಗುವುದು ಬೇಡ ಎಂದು ಮೆಲ್ಲಗೆ ಹೇಳಿದ ಹೆಣ್ಣುಮಕ್ಕಳೂ ಇದ್ದಾರೆ. ಹಾಗೆ ಹೇಳಿದರೆ ಇನ್ನು ಕೊಂಡಿ ಕಳುಹಿಸುವುದಿಲ್ಲ.

ಆದರೂ ಮೊಬೈಲಿನ ದಾಖಲೆಯನ್ನು ಕೈಬಿಡಬೇಡಿ ಎಂದು ಕೇಳಿಕೊಳ್ಳುತ್ತೇವೆ. ಎಚ್‌ಬಿಎ1ಸಿ ಪರೀಕ್ಷೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುತ್ತದೆ. ಹಿಂದಿನ ಅಂಕಿ ಪಕ್ಕದಲ್ಲಿದ್ದರೆ ಮಾತ್ರ ಅದು ಏರಿತೋ ಇಳಿಯಿತೋ ವೈದ್ಯರಿಗೆ ತಿಳಿಯುತ್ತದೆ. ಮಡಿಕೆಯಲ್ಲಿ ಹರಿದ ಹಳೆಯ ಕಾಗದದಲ್ಲಿ ಎಷ್ಟೋ ಸಲ ಆ ಅಂಕಿಯೇ ಹೋಗಿರುತ್ತದೆ. ಅದಕ್ಕಾಗಿ ಕಿಟಕಿಯ ಪಕ್ಕ ಒಬ್ಬರನ್ನು ಕೂರಿಸಿದ್ದೇವೆ. ನಮ್ಮ ವೈಫೈಯಲ್ಲೇ ವರದಿಯನ್ನು ನಿಮ್ಮ ಫೋನಿಗೆ ಇಳಿಸಿಕೊಡುತ್ತಾರೆ. ಒಮ್ಮೆ ಇಳಿಸಿಕೊಂಡರೆ ಊರಿನಲ್ಲಿ ಇಂಟರ್ನೆಟ್ ಇಲ್ಲದಿದ್ದರೂ ತೆರೆಯುತ್ತದೆ. ಆರೋಗ್ಯ ದಾಖಲೆಗಳನ್ನು ಒಂದೆಡೆ ಜೋಡಿಸುವ ಸರ್ಕಾರದ 14 ಅಂಕಿಗಳ ಆಭಾ ಸಂಖ್ಯೆ ಬೇಕೆನ್ನುವವರಿಗೂ ನೆರವಾಗುತ್ತಾರೆ. ಆಧಾರ್ ಮೂಲಕ ಮಾಡಿಸುವುದಾದರೆ ಆಧಾರ್‌ಗೆ ಜೋಡಿಸಿದ ಫೋನ್ ಜೊತೆಗಿರಲಿ. ಆ ಸಂಖ್ಯೆ ಕಡ್ಡಾಯವಲ್ಲ, ಇಲ್ಲದಿದ್ದರೂ ಪರೀಕ್ಷೆ ನಿಲ್ಲುವುದಿಲ್ಲ. ಒಟಿಪಿಯನ್ನು ಮಾತ್ರ ನೀವೇ ಒತ್ತಿ, ನಮ್ಮವರಿಗೂ ಹೇಳಬೇಡಿ.

ಕೊಂಡಿ ಬಂದರೂ ತೆರೆಯಲಾಗದೆ ಬಿಟ್ಟವರು ದಯವಿಟ್ಟು ಬನ್ನಿ. ರಸೀದಿ ಕಳೆದಿದ್ದರೂ ಚಿಂತೆಯಿಲ್ಲ, ಗುರುತಿನ ಚೀಟಿ ತೋರಿಸಿದರೆ ಹಳೆಯ ವರದಿಗಳನ್ನೂ ಮುದ್ರಿಸಿ ಕೊಡುತ್ತೇವೆ. ಆ ತಾಯಿಯ ವರದಿಯನ್ನು ಈಗಾಗಲೇ ಲಕೋಟೆಯಲ್ಲಿಟ್ಟು ಅವರ ಕೈಗೆ ಕೊಟ್ಟಿದ್ದೇವೆ.

ಇಂತಿ,
ಕೇಂದ್ರದ ಸಿಬ್ಬಂದಿ, ಚಿತ್ರದುರ್ಗ