ಕಾದಂಬರಿಯೂ ‘ಜ್ಞಾನ’ದಲ್ಲಿ ಬರುತ್ತದೆಯೇ?

ಮಾನ್ಯ ಸಂಪಾದಕರೇ,

ಕಳೆದ ವಾರ ನನ್ನ ಕಾದಂಬರಿಯ ಮೂರು ಪ್ರತಿಗಳನ್ನು ಕಲಬುರಗಿಯ ಓದುಗರೊಬ್ಬರಿಗೆ ಕಳಿಸಲೆಂದು ಅಂಚೆ ಕಚೇರಿಗೆ ಹೋಗಿದ್ದೆ. ಪುಸ್ತಕಗಳಿಗೆಂದು ಅಂಚೆಯವರು ಇಟ್ಟಿರುವ ಅಗ್ಗದ ‘ಜ್ಞಾನ ಪೋಸ್ಟ್’ ದರದಲ್ಲಿ ಹಾಕಿಕೊಡಿ ಎಂದಾಗ ಕೌಂಟರಿನಲ್ಲಿದ್ದ ತರುಣ ಕಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದು ಪಾಠದ ಪುಸ್ತಕವೋ, ಕತೆ ಪುಸ್ತಕವೋ ಸರ್?’ ಎಂದು ಕೇಳಿದ. ಕತೆ ಪುಸ್ತಕ ಎಂದೆ. ‘ಹಾಗಾರೆ ಇದು ಜ್ಞಾನದಲ್ಲಿ ಬರ್ತದೋ ಇಲ್ವೋ, ಮೇಲಿನವರ ಹತ್ರ ಕೇಳಿ ಹೇಳ್ತೆ’ ಎಂದು ಸಂಕೋಚದಿಂದಲೇ ಕಟ್ಟನ್ನು ಮರಳಿಸಿದ. ಅವನ ತಪ್ಪೇನೂ ಇಲ್ಲ. ಕಾವ್ಯದಿಂದ ಜ್ಞಾನ ಹುಟ್ಟುತ್ತದೋ ಇಲ್ಲವೋ ಎಂಬುದು ನಮ್ಮ ಅಲಂಕಾರಶಾಸ್ತ್ರದವರಿಗೂ ಸುಲಭದ ಪ್ರಶ್ನೆಯಾಗಿರಲಿಲ್ಲ. ಅದನ್ನು ಮಧ್ಯಾಹ್ನದ ಸಾಲಿನಲ್ಲಿ ನಿಂತವರ ಮುಂದೆ ಆ ಹುಡುಗ ಬಿಡಿಸಲಿ ಎನ್ನುವುದು ಅನ್ಯಾಯ.

ಹಿನ್ನೆಲೆ ತಿಳಿಯದವರಿಗಾಗಿ ಎರಡು ಮಾತು. ಬಹುಕಾಲದಿಂದ ಇದ್ದ ನೋಂದಾಯಿತ ಬುಕ್ ಪೋಸ್ಟ್ ಸೌಲಭ್ಯ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಅದರಲ್ಲಿ ಒಂದು ಕಿಲೋ ಪುಸ್ತಕ 32 ರೂಪಾಯಿಗೆ, ಐದು ಕಿಲೋ 80 ರೂಪಾಯಿಗೆ ದೇಶದ ಯಾವ ಮೂಲೆಗಾದರೂ ತಲುಪುತ್ತಿತ್ತು. ಅದು ನಿಂತಾಗ ಉಳಿದ ಪಾರ್ಸೆಲ್ ದರ ಕ್ರಮವಾಗಿ 78 ಮತ್ತು 229 ರೂಪಾಯಿ. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂತು. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ನೆಲಮಾರ್ಗದಲ್ಲೇ ಹೋಗುವುದರಿಂದ ತಡವಾಗುತ್ತದೆ, ಆದರೆ ಕಾದಂಬರಿ ನಾಲ್ಕು ದಿನ ತಡವಾದರೆ ಹಳಸುವ ಪದಾರ್ಥವಲ್ಲ. ತೊಡಕಿರುವುದು ಇದು ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ ಮತ್ತು ಧಾರ್ಮಿಕ ಪುಸ್ತಕಗಳಿಗೆ ಎಂಬ ವಿವರಣೆಯಲ್ಲಿ. ಕಾದಂಬರಿಯನ್ನು ಸಾಂಸ್ಕೃತಿಕ ಎನ್ನಲು ನನಗೇನೂ ಅಡ್ಡಿಯಿಲ್ಲ. ಆದರೆ ನಾನು ಎಂದರಾಯಿತೇ?

ಇಷ್ಟು ಸಣ್ಣ ವಿಷಯಕ್ಕೆ ಪತ್ರಿಕೆಯ ಜಾಗವೇಕೆ ಎಂದು ಕೇಳುವವರಿಗೆ, ತನ್ನ ಪುಸ್ತಕವನ್ನು ತಾನೇ ಅಚ್ಚು ಹಾಕಿಸಿ ತಾನೇ ಮಾರುವವನ ಬದುಕು ಹೇಗಿರುತ್ತದೆ ಎಂಬುದನ್ನು ಹೇಳಬೇಕಾಗುತ್ತದೆ. ನಾನು ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುವವನು. ಬೆಳಗಿನ ನಾಲ್ಕರಿಂದ ಆರರವರೆಗೆ ಕಾದಂಬರಿ ಬರೆಯುತ್ತೇನೆ, ಹತ್ತರ ಮೇಲೆ ಚಾಲಿ, ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ಲೆಕ್ಕ ಬರೆಯುತ್ತೇನೆ. ನೌಕರಿ ಮಾಡಿಕೊಂಡು ಬರೆಯಬೇಕಾಯಿತು ಎಂಬ ದೂರು ನನ್ನದಲ್ಲ. ನಮ್ಮ ಜಿಲ್ಲೆಯ ಹನೇಹಳ್ಳಿಯ ಕಾದಂಬರಿಕಾರ ಯಶವಂತ ಚಿತ್ತಾಲರೂ ಮುಂಬಯಿಯ ಕಂಪನಿಯಲ್ಲಿ ದುಡಿಯುತ್ತಲೇ ಬರೆದವರು. ಬರೆಯುವ ಕಷ್ಟ ಬರೆಯುವವನದೇ, ಅದನ್ನು ಯಾವ ಇಲಾಖೆಯೂ ಹಂಚಿಕೊಳ್ಳಲಾರದು. ಕಷ್ಟ ಶುರುವಾಗುವುದು ಬರೆದು ಮುಗಿಸಿದ ಮೇಲೆ. ಐದು ವರ್ಷ ತಿದ್ದಿ ತೀಡಿದ ಹಸ್ತಪ್ರತಿಯನ್ನು ಓದಿದ ಪ್ರಕಾಶಕರೊಬ್ಬರು, ಮುನ್ನೂರು ಪ್ರತಿಗಳನ್ನು ನಾನೇ ಕೊಳ್ಳುವುದಾದರೆ ಪ್ರಕಟಿಸುತ್ತೇವೆ ಎಂದರು. ಕೊಳ್ಳುವವನೂ ನಾನೇ ಆದ ಮೇಲೆ ನಡುವೆ ಅವರೇಕೆ ಎನ್ನಿಸಿ ನಾನೇ ಅಚ್ಚಿಗೆ ಕೊಟ್ಟೆ. ಯುನಿಕೋಡಿನಲ್ಲಿ ಬರೆದದ್ದನ್ನು ಅಚ್ಚಿನವರ ತಂತ್ರಾಂಶಕ್ಕೆ ಬದಲಿಸಿದಾಗ ಅರ್ಕಾವೊತ್ತುಗಳೆಲ್ಲ ಜಾಗ ಬಿಟ್ಟು ಓಡಿದವು. ಅವನ್ನು ಹಿಡಿದು ತಂದು ಕೂರಿಸುವುದರಲ್ಲಿ ಮೂರು ಕರಡಚ್ಚು, ಎರಡು ತಿಂಗಳು ಕಳೆಯಿತು. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆಯನ್ನು ಮಾತ್ರ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಬಿಡಿ ಲೇಖಕರಿಗೂ ಉಚಿತವಾಗಿ ಕೊಡುತ್ತದೆ, ಅದಕ್ಕೆ ಕೃತಜ್ಞತೆ ಹೇಳಲೇಬೇಕು.

ಅಚ್ಚಾದದ್ದು ಐದುನೂರು ಪ್ರತಿ: ಡೆಮಿ 1/8 ಆಕಾರ, 192 ಪುಟ, ಬೆಲೆ 220 ರೂಪಾಯಿ. ಅಂಗಡಿಯವರಿಗೆ ಕೊಟ್ಟರೆ ಶೇ 40 ಕಮಿಷನ್, ಮಾರಾಟವಾದ ಮೇಲೆ ಹಣ, ಅದೂ ಮೂರು ಸಲ ನೆನಪಿಸಿದರೆ. ಅವರಿಗೂ ಬಾಡಿಗೆ, ಸಂಬಳ ಇರುತ್ತದೆ, ನಾನು ದೂರುವುದಿಲ್ಲ. ಆದರೆ ನನಗೆ ನಾಲ್ಕು ಕಾಸು ಉಳಿಯುವುದು ಓದುಗರು ನೇರವಾಗಿ ಕೇಳಿ ನಾನು ಅಂಚೆಯಲ್ಲಿ ಕಳಿಸಿದ ಪ್ರತಿಯಲ್ಲಿ ಮಾತ್ರ. ಸುತ್ತಿದ ಕಾಗದ ಸೇರಿ ಒಂದು ಪ್ರತಿ 260 ಗ್ರಾಂ ತೂಗುತ್ತದೆ. ಜ್ಞಾನ ಪೋಸ್ಟ್ ಒಪ್ಪಿದರೆ 20 ರೂಪಾಯಿಯ ದರದಲ್ಲೇ ಕುಳಿತುಕೊಳ್ಳುತ್ತದೆ. ಬೆಂಗಳೂರಿನ ಬರಹಗಾರ ಮಳಿಗೆಯಿಂದ ಮಳಿಗೆಗೆ ಸ್ಕೂಟರಿನಲ್ಲಿ ಹೋಗಿ ಕೊಟ್ಟು ಬರಬಹುದು. ಘಟ್ಟದ ಮೇಲೂ ಕೆಳಗೂ ಇರುವ ನಮಗೆ ಅಂಚೆಯೇ ಅಂಗಡಿ.

ಹೋಗದೆ ಉಳಿದ ಪ್ರತಿಗಳದ್ದು ಇನ್ನೊಂದು ಪುರಾಣ. ಶಿರಸಿಯ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಪುಸ್ತಕಕ್ಕೆ ಆಷಾಢ ಮುಗಿಯುವುದರೊಳಗೆ ಬೂಷ್ಟು ಹಿಡಿಯುತ್ತದೆ, ನೆಲದ ಮೇಲಿಟ್ಟದ್ದಕ್ಕೆ ಗೆದ್ದಲು. ಹೀಗಾಗಿ ಇನ್ನೂರ ಹತ್ತು ಪ್ರತಿಗಳು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ, ಒಣಗಲು ಹಾಕಿದ ಅಡಿಕೆಯ ಪಕ್ಕದಲ್ಲಿ ಇವೆ. ಪುಸ್ತಕ ತರಿಸಿಕೊಂಡ ಧಾರವಾಡದ ಓದುಗರೊಬ್ಬರು ಕತೆಯ ಬಗ್ಗೆ ಒಂದು ಪುಟ ಬರೆದು ಕೊನೆಯಲ್ಲಿ, ಹಾಳೆ ತಿರುವಿದರೆ ಹೊಗೆಯ ವಾಸನೆ ಬರುತ್ತದಲ್ಲ, ಅದು ಕಾದಂಬರಿಯ ತಂತ್ರವೇ ಎಂದು ಕೇಳಿದ್ದರು.

ಹಣಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಬೆಳಗಿನ ಎರಡು ತಾಸುಗಳಲ್ಲಿ ಈಗ ನಾನು ವಿಳಾಸ ಬರೆಯುತ್ತೇನೆ, ಕಟ್ಟು ಕಟ್ಟುತ್ತೇನೆ, ಯಾರ ಹಣ ಬಂತು ಯಾರದ್ದು ಬರಲಿಲ್ಲ ಎಂದು ಮೊಬೈಲು ನೋಡುತ್ತೇನೆ. ಎರಡನೆಯ ಕಾದಂಬರಿಯ ಏಳನೆಯ ಅಧ್ಯಾಯದಲ್ಲಿ ಹೆಂಗಸೊಬ್ಬಳು ಮೀನಿನ ಬುಟ್ಟಿ ಇಳಿಸಿ, ನದಿಯಾಚೆಯ ಅಘನಾಶಿನಿ ಊರಿಗೆ ದಾಟುವ ದೋಣಿಗಾಗಿ ತದಡಿಯ ಧಕ್ಕೆಯಲ್ಲಿ ನಿಂತಿದ್ದಾಳೆ. ನಾಲ್ಕು ತಿಂಗಳಾಯಿತು, ನಿಂತೇ ಇದ್ದಾಳೆ. ಪಾತ್ರವೊಂದನ್ನು ಹೀಗೆ ತಿಂಗಳುಗಟ್ಟಲೆ ಬಿಟ್ಟುಬಂದರೆ ಮರಳಿ ಹೋದಾಗ ಅವಳ ದನಿ ಕೇಳಿಸುವುದಿಲ್ಲ. ಹತ್ತು ಪುಟ ಸುಮ್ಮನೆ ಬರೆದು ಹರಿದ ಮೇಲೆ, ಕೇಳಿಸಿದರೆ ಉಂಟು.

ಕನ್ನಡದ ಕಥನಸಾಹಿತ್ಯ ಬೆಳೆದದ್ದೇ ಮನೆಬಾಗಿಲಿಗೆ ಹೋದದ್ದರಿಂದ. ಕನ್ನಡದ ಆರಂಭದ ಕಾದಂಬರಿಕಾರರಲ್ಲಿ ಒಬ್ಬರಾದ ಗಳಗನಾಥರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಶುರುವಾದ ಧಾರವಾಡದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಮಾಡಿಕೊಂಡು ವರ್ಷವರ್ಷವೂ ಪುಸ್ತಕ ಕಳಿಸುವ ಪದ್ಧತಿಯನ್ನು ಕಟ್ಟಿತು. ಅಂಚೆ ಅಗ್ಗವಾಗಿ ಸಿಗದಿದ್ದರೆ ಅಂಥ ಪದ್ಧತಿ ಬಾಳುವುದು ಹೇಗೆ?

ಗ್ರಂಥಾಲಯ ಇಲಾಖೆ ಏಕಗವಾಕ್ಷಿ ಯೋಜನೆಯಲ್ಲಿ ಮುನ್ನೂರು ಪ್ರತಿ ಕೊಳ್ಳುತ್ತದಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ನಿಜ, ಆಯ್ಕೆಯಾದರೆ, ಹಣ ಬಂದಾಗ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಐವತ್ತು ದಾಟಿ ಮೊದಲ ಕಾದಂಬರಿ ಬರೆದವನನ್ನು ಯುವಕನೆನ್ನಲು ನಮ್ಮ ಮನೆಯವಳೂ ಒಪ್ಪುವುದಿಲ್ಲ. ಶಾಲು ಹೊದೆಸುವ ಸಭೆಗಳಿಗಂತೂ ನಮ್ಮ ಕಡೆ ಬರವಿಲ್ಲ.

ಒಂದು ಮಾತನ್ನು ಅಂಚೆ ಇಲಾಖೆ ಗಮನಿಸಬೇಕು. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಾಶಕನಾದವನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ತನ್ನದೇ ಖರ್ಚಿನಲ್ಲಿ ಪ್ರತಿ ಕಳಿಸಬೇಕು. ಅಲ್ಲಿ ಪಾಠದ ಪುಸ್ತಕ, ಕತೆ ಪುಸ್ತಕ ಎಂಬ ಭೇದವಿಲ್ಲ. ತೆಗೆದುಕೊಳ್ಳುವಾಗ ಕಾದಂಬರಿಯನ್ನು ಪುಸ್ತಕವೆಂದೇ ಎಣಿಸುವ ಕೇಂದ್ರ ಸರ್ಕಾರ, ಕಳಿಸುವಾಗಲೂ ಹಾಗೆಯೇ ಎಣಿಸಲಿ. ಜ್ಞಾನ ಪೋಸ್ಟ್‌ನ ವಿವರಣೆಯಲ್ಲಿ ‘ಕತೆ, ಕಾದಂಬರಿ, ಕವಿತೆ, ನಾಟಕ ಸೇರಿ’ ಎಂಬ ಒಂದು ಸಾಲನ್ನು ಸೇರಿಸಿ, ಅದನ್ನು ಕನ್ನಡದಲ್ಲಿ ಬರೆದು ಪ್ರತಿ ಕೌಂಟರಿನ ಗಾಜಿಗೂ ಅಂಟಿಸಿದರೆ ಸಾಕು. ಜಿಲ್ಲೆಯ ಸಂಸದರು ಈ ವಿಷಯವನ್ನು ಸಂಬಂಧಪಟ್ಟ ಸಚಿವರ ಗಮನಕ್ಕೆ ತರಬೇಕೆಂದು ವಿನಂತಿ.

ಕಲಬುರಗಿಯ ಕಟ್ಟು ನಿನ್ನೆ ಪಾರ್ಸೆಲ್ ದರದಲ್ಲೇ ಹೋಯಿತು. ಹೆಚ್ಚಿನ ಹಣವನ್ನು ಆ ಓದುಗರ ಹತ್ತಿರ ಕೇಳಲು ಮನಸ್ಸಾಗಲಿಲ್ಲ.

ತಮ್ಮ ವಿಶ್ವಾಸಿ,
ಕಾದಂಬರಿಕಾರನೊಬ್ಬ, ಶಿರಸಿ (ಉ.ಕ.)