ಮಗಳಿಗೊಂದು ಪತ್ರ: "ನನಗೂ ಬರುತ್ತಾ ಅಪ್ಪ?"

ಪುಟ್ಟೀ,

ನಿನ್ನೆ ನೀನು ಸಿಟ್ಟಿನಲ್ಲಿ ಫೋನ್ ಇಟ್ಟುಬಿಟ್ಟೆ. "ಇದು ನಿಮ್ಮ ಕಡೆಯಿಂದ ಬಂದದ್ದು, ನನಗೂ ಬರುತ್ತೆ, ಈ ಮದುವೆನೇ ಬೇಡ" ಅಂದೆ. ನನಗೆ ಮಾತು ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಣ್ಣನ ಸ್ಕಿಜೋಫ್ರೇನಿಯಾ, ಇಲ್ಲದ ದನಿ ಕೇಳಿಸುವ ಆ ಮನೋರೋಗದ ವಿಷಯ ನಿನಗೂ ಗೊತ್ತು, ಮತ್ತೆ ಯಾಕೆ ಹೇಳಲಿ? ನನ್ನ ಕಣ್ಣ ಮುಂದೆ ಬರುವುದು ಅದೇ ರೋಗ ಬಂದಿದ್ದ ನಿನ್ನ ಚಿಕ್ಕಪ್ಪ. ಅವನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ರೇಡಿಯೋ ತನ್ನ ಹೆಸರು ಹೇಳ್ತಿದೆ ಅಂತ ಅದನ್ನು ಬಿಚ್ಚಿ ಕೂತಿದ್ದ. ಸ್ಕ್ರೂಗಳನ್ನೆಲ್ಲ ಪೇಪರಿನ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟಿದ್ದ. ಒಂದೂ ಹಿಂದೆ ಮುಂದೆ ಆಗಿರಲಿಲ್ಲ. ಸ್ಪೀಕರಿಗೆ ಕಿವಿ ಹಚ್ಚಿ, "ಈಗ ಸುಮ್ನಾದ್ರು" ಅಂದ. ವೈರ್ ಕಿತ್ತು ಪಕ್ಕದಲ್ಲೇ ಬಿದ್ದಿತ್ತು. ಸ್ಕ್ರೂಗಳನ್ನು ಅಷ್ಟು ಅಚ್ಚುಕಟ್ಟಾಗಿ ಜೋಡಿಸುವ ಮೆದುಳಿಗೆ ಇಲ್ಲದ ದನಿ ಯಾಕೆ ಕೇಳಿಸುತ್ತದೆ? ಅಣ್ಣನ ಡಾಕ್ಟರನ್ನೂ ಇದನ್ನೇ ಕೇಳಿದೆ.

ಹರೆಯದಲ್ಲಿ ಎಲ್ಲರ ಮೆದುಳೂ ನರಕೋಶಗಳ ನಡುವಿನ ಬೇಡದ ಕೊಂಡಿಗಳನ್ನು ತೆಗೆದುಹಾಕುತ್ತದಂತೆ. ರೋಗನಿರೋಧಕ ಶಕ್ತಿಗೆ ಸೇರಿದ ಸಿ4 ಅನ್ನೋ ಜೀನಿಗೂ ಇದರಲ್ಲಿ ಕೈಯಿದೆ. ಅದರ ಒಂದು ಬಗೆ ಜಾಸ್ತಿ ಕೆಲಸ ಮಾಡುವವರಲ್ಲಿ ಸ್ಕಿಜೋಫ್ರೇನಿಯಾದ ಸಾಧ್ಯತೆ ಸ್ವಲ್ಪ ಹೆಚ್ಚು ಅಂತ 2016ರಲ್ಲಿ ತಿಳಿಯಿತು. ಇರಬೇಕಾದ ಕೊಂಡಿಗಳೂ ಹೋಗಿಬಿಡುತ್ತವೇನೋ ಅನ್ನೋದು ವಿಜ್ಞಾನಿಗಳ ಊಹೆ. ಚೆನ್ನಾಗಿದ್ದ ಹುಡುಗ ಆ ವಯಸ್ಸಿನಲ್ಲೇ ಯಾಕೆ ಬದಲಾದ ಅನ್ನೋದಕ್ಕೆ ಇದು ಸ್ವಲ್ಪ ಹೊಂದುತ್ತದೆ.

ಆದರೆ ಇದು ಒಂದು ಜೀನಿನಿಂದ ಆಗುವುದಲ್ಲ. 2022ರ ದೊಡ್ಡ ಅಧ್ಯಯನದಲ್ಲಿ ಈ ರೋಗದ ಜೊತೆ ನಂಟಿರುವ 287 ಜಾಗಗಳು ಜೀನೋಮಿನಲ್ಲಿ, ಅಂದರೆ ಮನುಷ್ಯನ ಇಡೀ ಡಿಎನ್‌ಎಯಲ್ಲಿ, ಸಿಕ್ಕಿವೆ. ಒಂದೊಂದರದ್ದೂ ಚೂರೇ ಚೂರು ಪಾಲು. ಅಂಥವು ನನ್ನಲ್ಲೂ ಇವೆ, ಅಮ್ಮನಲ್ಲೂ ಇವೆ, ನೀನು ಬೇಡ ಅನ್ನುತ್ತಿರುವ ಆ ಹುಡುಗನಲ್ಲೂ ಇರುತ್ತವೆ. ನಿನ್ನ ಹತ್ತಿರ ಕ್ಷಮೆ ಕೇಳೋಣ ಅನ್ನಿಸುತ್ತದೆ. ಯಾವುದಕ್ಕೆ ಅಂತ ಕೇಳಲಿ?

ಲೆಕ್ಕವನ್ನೂ ಮುಚ್ಚಿಡಲ್ಲ. ಸಾಮಾನ್ಯವಾಗಿ ನೂರರಲ್ಲಿ ಸುಮಾರು 1 ಜನಕ್ಕೆ ಬರುತ್ತದೆ. ಒಡಹುಟ್ಟಿದವರಿಗೆ ಇದ್ದರೆ ಸುಮಾರು 10. ಚಿಕ್ಕಪ್ಪನನ್ನೂ ಸೇರಿಸಿಕೊಂಡರೆ ನಿನ್ನದು ಕೊಂಚ ಜಾಸ್ತಿ ಅಂತಲೇ ಇಟ್ಟುಕೋ. ಆದರೂ ಬರದೇ ಇರುವ ಸಾಧ್ಯತೆಯೇ ಎಷ್ಟೋ ಪಾಲು ದೊಡ್ಡದು. ತದ್ರೂಪಿ ಅವಳಿಗಳಲ್ಲಿ ಕೂಡ ಒಬ್ಬರಿಗೆ ಬಂದಾಗ ಇನ್ನೊಬ್ಬರಿಗೂ ಬರುವುದು ಹೆಚ್ಚೆಂದರೆ ಅರ್ಧದಷ್ಟು ಜೋಡಿಗಳಲ್ಲಿ.

ಗಾಂಜಾ ಹತ್ತಿರ ಸುಳಿಯಬೇಡ, ನಮ್ಮಂಥ ಮನೆಯವರಿಗೆ ಅದು ನಿಜಕ್ಕೂ ಅಪಾಯ. ನಿದ್ದೆಗೆಡಬೇಡ. ಯಾರೋ ನಿನ್ನ ಬಗ್ಗೆಯೇ ಮಾತಾಡ್ತಿದ್ದಾರೆ ಅಂತ ಸುಮ್ಸುಮ್ನೆ ಅನ್ನಿಸತೊಡಗಿದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗು. ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ನೋಡು, ಉಪದೇಶ ಬೇಡ ಅಂದುಕೊಂಡೇ ಕೂತಿದ್ದೆ!

ಮದುವೆಗೆ ಮೊದಲೇ ಇದನ್ನೆಲ್ಲ ಯೋಚನೆ ಮಾಡಿದೆಯಲ್ಲ, ನನಗೆ ಹೆಮ್ಮೆ. ಆ ಹುಡುಗನಿಗೆ ಎಲ್ಲವನ್ನೂ ಹೇಳು. ಬೇಡ ಅನ್ನುವುದಾದರೆ ಅವನೇ ಅನ್ನಲಿ, ಅವನ ಪರವಾಗಿ ನೀನು ಅನ್ನಬೇಡ.

ಅಣ್ಣನಿಗೆ ಫೋನ್ ಮಾಡು. ಮಾತ್ರೆ ತಗೊಂಡ್ಯಾ ಅಂತ ಕೇಳಬೇಡ, ಅದಕ್ಕೆ ನಾನಿದ್ದೇನೆ. ಅವನ ಜೊತೆ ಸುಮ್ನೆ ಜಗಳ ಆಡು, ಮೊದಲಿನ ಹಾಗೆ.

ಅಪ್ಪ