ಲಸಿಕೆಯ ಚರಿತ್ರೆಯಲ್ಲಿ ರೈತ ಜೆಸ್ಟಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಸಿಡುಬಿನ ಲಸಿಕೆಯ ಮಾತು ಬಂದಾಗಲೆಲ್ಲ ಪತ್ರಿಕೆಗಳಲ್ಲೂ ಶಾಲಾ ಪುಸ್ತಕಗಳಲ್ಲೂ ಎಡ್ವರ್ಡ್ ಜೆನ್ನರ್ ಹೆಸರೊಂದೇ ಕಾಣುತ್ತದೆ. ಅವರು 1796ರ ಮೇ 14ರಂದು ಜೇಮ್ಸ್ ಫಿಪ್ಸ್ ಎಂಬ ಹುಡುಗನಿಗೆ ದೇವಿ (ಸಿಡುಬಿನ ಲಸಿಕೆ) ಹಾಕಿದ್ದಕ್ಕೂ 22 ವರ್ಷ ಮೊದಲೇ, ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಯೆಟ್‌ಮಿನ್‌ಸ್ಟರ್ ಹಳ್ಳಿಯ ರೈತ ಬೆಂಜಮಿನ್ ಜೆಸ್ಟಿ ತಮ್ಮ ಮನೆಯವರಿಗೇ ಅದನ್ನು ಹಾಕಿದ್ದರು.

1774ರಲ್ಲಿ ಆ ಊರಿಗೆ ಸಿಡುಬು ಬಂತು. ಜೆಸ್ಟಿಗೆ ಹಸುವಿನ ಸಿಡುಬು (ಹಸುಗಳಿಂದ ಅಂಟುವ ಸೌಮ್ಯ ರೋಗ, ಕೌಪಾಕ್ಸ್) ಮೊದಲೇ ಬಂದು ಹೋಗಿತ್ತು. ಅವರಲ್ಲಿ ಹಾಲು ಕರೆಯುತ್ತಿದ್ದ ಆನ್ ನಾಟ್ಲಿ, ಮೇರಿ ರೀಡ್ ಅವರಿಗೂ ಬಂದಿತ್ತು. ಸಿಡುಬಿನ ರೋಗಿಗಳ ಆರೈಕೆ ಮಾಡಿಯೂ ಆ ಇಬ್ಬರಿಗೆ ರೋಗ ಅಂಟಿರಲಿಲ್ಲ. ಇದನ್ನು ಗಮನಿಸಿದ್ದ ಜೆಸ್ಟಿ, ಹೆಂಡತಿ ಎಲಿಜಬೆತ್ ಮತ್ತು ಇಬ್ಬರು ಪುಟ್ಟ ಗಂಡುಮಕ್ಕಳನ್ನು ಪಕ್ಕದ ಚೆಟ್ನೋಲ್‌ಗೆ ಕರೆದೊಯ್ದರು. ಅಲ್ಲಿನ ಹಸುಗಳ ಕೆಚ್ಚಲಿನ ಹುಣ್ಣಿನಿಂದ ರಸ ತೆಗೆದು, ಕಾಲುಚೀಲದ ಸೂಜಿಯಿಂದ ತೋಳು ಗೀರಿ ಸೇರಿಸಿದರು. ಮಕ್ಕಳು ಬೇಗ ಚೇತರಿಸಿಕೊಂಡರು. ಎಲಿಜಬೆತ್ ಅವರ ತೋಳು ಮಾತ್ರ ವಿಪರೀತ ಬಾತು, ಜೀವಕ್ಕೇ ಅಪಾಯ ಎನ್ನುವಂತಾಗಿ ಆಮೇಲೆ ಗುಣವಾಯಿತು. ಹಸುವಿನ ಹುಣ್ಣಿನಿಂದ ನೇರವಾಗಿ ತೆಗೆದ ರಸದೊಡನೆ ಬೇರೆ ಸೋಂಕೂ ಒಳಹೋಗಬಹುದು. ಈ ವಿಧಾನದ ದೊಡ್ಡ ಅಪಾಯ ಅದೇ. ಊರವರು ಜೆಸ್ಟಿಯನ್ನು ಹೀಯಾಳಿಸಿದರು. 1789ರಲ್ಲಿ ಅದೇ ಮಕ್ಕಳಿಗೆ ನಿಜವಾದ ಸಿಡುಬಿನ ಕೀವನ್ನೇ ಹಾಕಿ ನೋಡಲಾಯಿತು. ಏನೂ ಆಗಲಿಲ್ಲ.

ಹಾಗೆಂದು ಜೆನ್ನರ್ ಬೇರೆಯವರ ಹೆಸರು ಕದ್ದರು ಎನ್ನುವುದು ಅನ್ಯಾಯ. ಜೆಸ್ಟಿ ಏನನ್ನೂ ಬರೆದು ಪ್ರಕಟಿಸಲಿಲ್ಲ. ಜೆನ್ನರ್ ಫಿಪ್ಸ್‌ಗೆ ಜುಲೈ 1ರಂದು ಸಿಡುಬಿನ ಕೀವು ಹಾಕಿ ಪರೀಕ್ಷಿಸಿದರು, 1798ರಲ್ಲಿ ಪ್ರಕಟಿಸಿದರು, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸಬಹುದೆಂದು ತೋರಿಸಿಕೊಟ್ಟರು. ರಸವನ್ನು ಯಾವಾಗ ತೆಗೆಯಬೇಕೆಂಬುದನ್ನೂ ಹೇಳಿದರು: ಗುಳ್ಳೆಯ ಸುತ್ತ ಕೆಂಪು ಹರಡುವ ಮೊದಲು, ರಸ ತಿಳಿಯಾಗಿರುವಾಗಲೇ. ತಡವಾದರೆ ಕೀವು ತುಂಬಿ ಸತ್ವ ಕಳೆದುಕೊಳ್ಳುತ್ತದೆ. ದೇವಿ ಹಾಕಿದಂತೆ ಕಾಣುತ್ತದೆ, ರಕ್ಷಣೆ ಸಿಗುವುದಿಲ್ಲ. ತೋಳಿನಿಂದ ತೋಳಿಗೆ ದಾಟಿಸುತ್ತಲೇ ಲಸಿಕೆ 1802ರ ಜೂನ್‌ನಲ್ಲಿ ಬಾಗ್ದಾದ್, ಬಸ್ರಾ ದಾರಿಯಾಗಿ ಮುಂಬಯಿ ಮುಟ್ಟಿತು.

1805ರಲ್ಲಿ ಲಂಡನ್ನಿನ ಲಸಿಕಾ ಸಂಸ್ಥೆಯೊಂದು ಜೆಸ್ಟಿಯನ್ನು ಕರೆಸಿ, ಚಿನ್ನದ ಹಿಡಿಯ ಲ್ಯಾನ್ಸೆಟ್ (ದೇವಿ ಹಾಕಲು ಬಳಸುತ್ತಿದ್ದ ಪುಟ್ಟ ಚೂಪು ಚಾಕು) ಜೋಡಿ ಕೊಟ್ಟು, ಅವರ ಭಾವಚಿತ್ರ ಬರೆಸಿತು. ಥಾಮಸ್ ಹಿಕ್ಕಿ ಬರೆದ ಮೈಸೂರು ಅರಸಿಯರ ಚಿತ್ರವೂ ಆ ಹೊತ್ತಿನದೇ. ತೋಳು ತೋರಿಸುತ್ತಿರುವ ಅರಸಿ ದೇವಿ ಹಾಕಿಸಿಕೊಂಡವರು ಎಂದು ವಿದ್ವಾಂಸರು ಅದನ್ನು ಓದಿದ್ದಾರೆ. ನಮ್ಮ ಲೇಖನಗಳಲ್ಲಿ ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಅಚ್ಚು ಮಾಡುವುದು ಎಷ್ಟು ಚೆನ್ನ!

ಜೆಸ್ಟಿ 1816ರಲ್ಲಿ ತೀರಿಕೊಂಡರು. ವರ್ತ್ ಮ್ಯಾಟ್ರವರ್ಸ್ ಹಳ್ಳಿಯ ಚರ್ಚಿನಂಗಳದ ಸಮಾಧಿಕಲ್ಲು ಅವರನ್ನು ಹಸುವಿನ ಸಿಡುಬು ಹಾಕಿದವರಲ್ಲಿ ‘ತಿಳಿದಮಟ್ಟಿಗೆ ಮೊದಲಿಗ’ ಎನ್ನುತ್ತದೆ. ಪಠ್ಯ ಪರಿಷ್ಕರಿಸುವವರು ಈ ಎಚ್ಚರದ ಮಾತನ್ನೇ ಬಳಸಲಿ. ನಾಟ್ಲಿ, ರೀಡ್ ಹೆಸರುಗಳನ್ನೂ ಸೇರಿಸಲಿ.

— ವೈದ್ಯಕೀಯ ಇತಿಹಾಸದ ಅಧ್ಯಾಪಕರು, ಮೈಸೂರು